ನಂತರ ವಿವಿಧ ವಿನೋದಾವಳಿ

ರೇಡಿಯೋ ಕೇಳುಗರಿಗೆ ನಮಸ್ಕಾರ. ಶಾಲೆಯ ಸ್ನೇಹ ಸಮ್ಮೇಳನದ ಆಮಂತ್ರಣ ಪತ್ರಿಕೆಯನ್ನು ನೀವೆಲ್ಲರೂ ನೋಡಿದ್ದೀರಿ. ಅಧ್ಯಕ್ಷರು, ಮುಖ್ಯ ಅತಿಥಿಗಳು, ವಂದನಾರ್ಪಣೆ ಎಲ್ಲ ಮುಗಿದ ಮೇಲೆ ಪುಟದ ತುದಿಯಲ್ಲಿ ಒಂದು ಸಾಲು ಇರುತ್ತದೆ: 'ನಂತರ ವಿವಿಧ ವಿನೋದಾವಳಿ'. ಊರಿನವರು ಬರುವುದು ಆ ಸಾಲಿಗಾಗಿಯೇ. ಈ ಬೇಸಿಗೆಯಲ್ಲಿ ಶಿರಸಿಯ ಹತ್ತಿರ ಹೈಸ್ಕೂಲು ಮಕ್ಕಳಿಗಾಗಿ ನಾನು ನಡೆಸುತ್ತಿರುವ ಹತ್ತು ದಿನಗಳ ಶಿಬಿರ ಪೂರ್ತಿ ಆ ಒಂದು ಸಾಲಿನದು. ಅಮೆರಿಕದಲ್ಲಿ ಅದರ ಹೆಸರು ವಾಡ್‌ವಿಲ್.

"ನಾಟಕವನ್ನೇ ಕಲಿಸಬಾರದೇ ಮಾಸ್ತರೇ?" ಎಂದು ಪಾಲಕರೊಬ್ಬರು ಕೇಳಿದರು. ನಾಟಕವನ್ನು ನಾನು ಬೇಕಾದಷ್ಟು ವರ್ಷ ಕಲಿಸಿದ್ದೇನೆ. ಒಬ್ಬ ರಾಮನಾದರೆ ಇಪ್ಪತ್ತು ಮಕ್ಕಳು ಕಪಿಸೈನ್ಯ. ಹಿಂದಿನ ಸಾಲಿನವರಿಗೆ ಬಾಲವೊಂದನ್ನು ಬಿಟ್ಟರೆ ಪಾತ್ರವೇ ಇರುವುದಿಲ್ಲ. ವಾಡ್‌ವಿಲ್‌ನಲ್ಲಿ ಕಪಿಸೈನ್ಯವಿಲ್ಲ. ಒಂದು ಸಂಜೆಗೆ ಎಂಟೋ ಒಂಬತ್ತೋ ತುಣುಕುಗಳು. ಒಂದು ಹಾಡು, ಒಂದು ಜಾದು, ಒಂದು ಜಗಳ, ಒಂದು ಕಸರತ್ತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನಮ್ಮ ಶಿಬಿರದಲ್ಲಿ ಒಂದು ತುಣುಕಿಗೆ ಎಂಟು ನಿಮಿಷ. ಅಷ್ಟು ಹೊತ್ತು ರಂಗ ಪೂರ್ತಿ ಆ ಮಗುವಿನದು, ಸೋತರೆ ಸೋಲೂ ಅದರದೇ.

1881ರಲ್ಲಿ ನ್ಯೂಯಾರ್ಕಿನ ಹದಿನಾಲ್ಕನೆಯ ಬೀದಿಯಲ್ಲಿ ಟೋನಿ ಪಾಸ್ಟರ್ ಎಂಬಾತ ಇದಕ್ಕೊಂದು ಹೊಸ ದಾರಿ ಹಾಕಿದ. ಅಲ್ಲಿಯವರೆಗೆ ಕುಡಿತದ ಜೊತೆಗೆ ಗಂಡಸರು ನೋಡುತ್ತಿದ್ದ ಆಟವನ್ನು ಹೆಂಗಸರು, ಮಕ್ಕಳು ಬಂದು ಕೂರುವಂತೆ ತೊಳೆದು ಇಟ್ಟ. ಸುಮಾರು ಐವತ್ತು ವರ್ಷ ಅದು ಮೆರೆಯಿತು. 1932ರಲ್ಲಿ ಅದರ ದೊಡ್ಡ ಮನೆಯಾಗಿದ್ದ ಪ್ಯಾಲೇಸ್ ಥಿಯೇಟರ್ ಕೂಡ ಸಿನಿಮಾ ಮಂದಿರವಾಯಿತು. ಅದನ್ನು ಮುಗಿಸಿದ್ದು ಸಿನಿಮಾ ಮತ್ತು ರೇಡಿಯೋ. ಇಲ್ಲಿ ಕುಳಿತು ಇದನ್ನು ಹೇಳುವುದಕ್ಕೆ ನನಗೆ ಸ್ವಲ್ಪ ಸಂಕೋಚವೇ.

ಮಾರಿಕಾಂಬೆಯ ಜಾತ್ರೆಗೆ ಬರುವ ಕಂಪನಿ ನಾಟಕಗಳನ್ನು ನೋಡಿದವರಿಗೆ ಇದರ ಜಾಣತನ ಸುಲಭವಾಗಿ ತಿಳಿಯುತ್ತದೆ. ಹಿಂದೆ ಅರಮನೆಯನ್ನು ಜೋಡಿಸುತ್ತಿರುವಾಗ ಮುಂದೆ ಬೀದಿಯ ಪರದೆ ಇಳಿಯುತ್ತದೆ, ಹಾಸ್ಯಗಾರ ಬಂದು ನಗಿಸುತ್ತಾನೆ. ವಾಡ್‌ವಿಲ್‌ನಲ್ಲಿಯೂ ಹಾಗೆಯೇ: ಒಂದು ತುಣುಕು ಪರದೆಯ ಮುಂದೆ, ಮುಂದಿನದು ರಂಗದ ತುಂಬ. ಸುತ್ತಿಗೆಯ ಸದ್ದನ್ನು ನಗೆಯಲ್ಲಿ ಮುಳುಗಿಸಬೇಕು.

ಅದರಲ್ಲಿ ಕಳಂಕವೂ ಇತ್ತು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದರು. ಇದನ್ನು ಮಕ್ಕಳಿಗೆ ಹೇಗೆ ಹೇಳಲಿ ಎಂದು ನಾನು ಯೋಚಿಸುತ್ತಿದ್ದಾಗಲೇ ಮೂರನೆಯ ದಿನ ಘಟ್ಟದ ಮೇಲಿನ ಹುಡುಗನೊಬ್ಬ ಮೀನು ಮಾರುವ ಹೆಂಗಸಿನ ರಾಗವನ್ನು ಅನುಕರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಅಂಕೋಲೆ ಕಡೆಯ ಒಬ್ಬಳು ಮಾತ್ರ ನಗಲಿಲ್ಲ. ಅವಳ ಅಜ್ಜಿ ಮೀನು ಮಾರುವವರು.

ಮರುದಿನ ಅವಳೇ ಎದ್ದು ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಕತ್ತು ನೆಟ್ಟಗೆ, ಒಂದು ಕೈ ಬುಟ್ಟಿಯ ಅಂಚಿಗೆ, ಇನ್ನೊಂದು ಮೊಣಕಾಲಿಗೆ. ನಡು ಬಗ್ಗಿಸದೆ ಕುಕ್ಕುರುಗಾಲಿನಲ್ಲಿ ಕುಳಿತು ತಲೆಯ ಮೇಲಿನ ಭಾರವನ್ನು ಇಳಿಸಿದಳು. ಬುಟ್ಟಿ ನೆಲ ಮುಟ್ಟಿದ್ದು ನಮಗೆ ಕೇಳಿಸಿದಂತಾಯಿತು. ಆಮೇಲೆ ಗಿರಾಕಿಯೂ ಅವಳೇ: ಮೂಗು ಮುಚ್ಚಿಕೊಂಡು ಬಂಗಡೆಯ ಕಿವಿರು ಎತ್ತಿ ನೋಡುವ, ಅರ್ಧ ಬೆಲೆಗೆ ಕೇಳುವ, ಕೊಟ್ಟ ಮೇಲೆ ಕೊಸರಿಗೆ ಇನ್ನೊಂದು ಬೇಡುವ ಘಟ್ಟದ ಮೇಲಿನ ಯಜಮಾನ. ಎಲ್ಲರಿಗಿಂತ ಜೋರಾಗಿ ನಕ್ಕವನು ನಿನ್ನೆಯ ಹುಡುಗ. ಈಗ ಅವನೇ ಆ ಗಿರಾಕಿ. ಇಬ್ಬರದೂ ಕೊನೆಯಿಂದ ಎರಡನೆಯ ತುಣುಕು. ವಾಡ್‌ವಿಲ್‌ನಲ್ಲಿ ಅದು ತಾರೆಗಳಿಗೆ ಮೀಸಲಾದ ಜಾಗ.

ಇನ್ನೊಬ್ಬನಿದ್ದಾನೆ, ಮಾತು ಕಡಿಮೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಹಾಕಿಕೊಳ್ಳುವ ಅಡಿಕೆ ಹಾಳೆಯ ಟೋಪಿಯೊಂದೇ ಅವನ ಸಾಮಗ್ರಿ. ಟೋಪಿ ಬೀಳುತ್ತದೆ. ಎತ್ತಿಕೊಳ್ಳಲು ಬಗ್ಗುವಾಗ ಕಾಲ ತುದಿ ತಾಗಿ ಅದು ಮುಂದಕ್ಕೆ ಜಾರುತ್ತದೆ. ಮತ್ತೆ ಬಗ್ಗುತ್ತಾನೆ, ಮತ್ತೆ ಜಾರುತ್ತದೆ. ಬಹಳ ಹಳೆಯ ಚಮತ್ಕಾರ ಇದು. ತಳ್ಳಿದ್ದು ತನ್ನದೇ ಕಾಲು ಎಂಬುದು ಅವನೊಬ್ಬನಿಗೆ ತಿಳಿಯಬಾರದು, ಅಷ್ಟೇ. ಮೊದಲೆರಡು ದಿನ ಅವನಿಗೇ ನಗು ತಡೆಯಲಾಗಲಿಲ್ಲ. ಆಗ ಮೂಕಿ ಸಿನಿಮಾದ ಹಾಸ್ಯನಟ ಬಸ್ಟರ್ ಕೀಟನ್ ಕತೆ ಹೇಳಿದೆ. ತೀರ ಚಿಕ್ಕ ವಯಸ್ಸಿನಲ್ಲೇ ಅಪ್ಪ ಅಮ್ಮನ ಜೊತೆ ವಾಡ್‌ವಿಲ್ ರಂಗಕ್ಕೆ ಬಂದ ಆ ಹುಡುಗನನ್ನು ಅಪ್ಪ ಎತ್ತಿ ಎಸೆಯುತ್ತಿದ್ದ. ತಾನು ನಕ್ಕರೆ ಜನ ನಗುವುದಿಲ್ಲ ಎಂಬುದನ್ನು ಆತ ಕಂಡುಕೊಂಡದ್ದು ಹಾಗೆ ಬಿದ್ದು ಬಿದ್ದೇ. ನಮ್ಮ ಹುಡುಗ ತಲೆಯಾಡಿಸಿದ. ಅಂದಿನಿಂದ ಊಟದ ಪಂಕ್ತಿಯಲ್ಲಿಯೂ ಅವನ ಮುಖ ಕಲ್ಲು. ಬಡಿಸುವವರಿಗೆ ಪಾಯಸ ರುಚಿಸಲಿಲ್ಲವೇನೋ ಎಂಬ ಗಾಬರಿ.

ಅವನಿಗೆ ಮೊದಲ ತುಣುಕು ಕೊಟ್ಟಾಗ ಬೇಸರವಾಯಿತು. ಯಕ್ಷಗಾನದ ಕೋಡಂಗಿಯನ್ನು ನೆನಪಿಸಿದೆ. ಜನ ಇನ್ನೂ ಜಾಗ ಹುಡುಕುತ್ತಿರುವಾಗ ಹೊಸದಾಗಿ ಹೆಜ್ಜೆ ಕಲಿತವರು ಕುಣಿಯುವ ವೇಷ ಅದು. ವಾಡ್‌ವಿಲ್‌ನವರೂ ಮೊದಲಿಗೆ ಮಾತಿಲ್ಲದ ತುಣುಕನ್ನೇ ಇಡುತ್ತಿದ್ದರು, ತಡವಾಗಿ ಬಂದವರ ಗದ್ದಲದಲ್ಲಿ ಮಾತು ಹಾಳಾಗಬಾರದೆಂದು.

ಬರುವ ಭಾನುವಾರ ಸಂಜೆ ಆರಕ್ಕೆ ನಮ್ಮ ಮಕ್ಕಳ ಪ್ರದರ್ಶನ. ನೀವು ಆರೂಕಾಲಿಗೆ ಬರುತ್ತೀರೆಂದು ಗೊತ್ತು. ಕುರ್ಚಿ ಎಳೆಯಿರಿ, ಪಕ್ಕದವರನ್ನು ಮಾತನಾಡಿಸಿ, ಆ ಹುಡುಗನಿಗೆ ತೊಂದರೆಯಿಲ್ಲ. ಟೋಪಿ ನಿಮ್ಮ ಕಾಲ ಬುಡಕ್ಕೆ ಬಂದರೆ ಮಾತ್ರ ದಯವಿಟ್ಟು ಎತ್ತಿ ಕೊಡಬೇಡಿ.