ಎಣಿಸಬಹುದಾದ ಗ್ರಾಹಕರಿಗೆ ಡಂಗುರವೇಕೆ?

ಕೊಳ್ಳುವವರು ಲಕ್ಷಗಟ್ಟಲೆ ಇರುವ ಸರಕಿಗೆ ಜಾಹೀರಾತು ಬೇಕು, ಒಪ್ಪುತ್ತೇನೆ. ಆದರೆ ನಿಮ್ಮ ಸೇವೆ ಬೇಕಾದವರು ಒಟ್ಟು ಮುನ್ನೂರು ಮಂದಿ ಮಾತ್ರ ಎಂದಾದರೆ, ಊರಿಗೆಲ್ಲ ಡಂಗುರ ಸಾರುವ ಮೊದಲು ಆ ಮುನ್ನೂರು ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂಬುದು ನನ್ನ ವಾದ.

ಪ್ರಯೋಗಾಲಯಗಳ ಸೂಕ್ಷ್ಮ ತಕ್ಕಡಿಗಳ ನಿಖರತೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ತಂತ್ರಜ್ಞರೊಬ್ಬರನ್ನು ಊಹಿಸಿಕೊಳ್ಳಿ. ಅವರ ಗ್ರಾಹಕರು ಎಲ್ಲೋ ಅಡಗಿಕೊಂಡಿಲ್ಲ. ಪ್ರಯೋಗಾಲಯಗಳ ಸಾಮರ್ಥ್ಯವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ/ಐಇಸಿ 17025ರ ಅಡಿ ಮಾನ್ಯತೆ ಪಡೆದ ಪ್ರಯೋಗಾಲಯಗಳ ಪಟ್ಟಿಯನ್ನು, ಅವು ನಡೆಸುವ ಪರೀಕ್ಷೆಗಳ ವಿವರದೊಂದಿಗೆ, ಮಾನ್ಯತೆ ನೀಡುವ ಸಂಸ್ಥೆಗಳೇ ಪ್ರಕಟಿಸುತ್ತವೆ. ಯಾರ ಬಳಿ ಎಂಥ ತಕ್ಕಡಿ ಇರಬಹುದೆಂದು ಅದನ್ನು ಓದಿಯೇ ಅಂದಾಜಿಸಬಹುದು. ಇನ್ನೂ ಮುಖ್ಯವಾದ ಮಾಹಿತಿ ತಕ್ಕಡಿಯ ಮೈಮೇಲೆಯೇ ಇರುತ್ತದೆ. ಹಿಂದಿನ ಪರೀಕ್ಷೆ ಯಾವಾಗ ಆಯಿತು, ಮುಂದಿನದು ಯಾವಾಗ ಆಗಬೇಕು ಎಂದು ತಿಳಿಸುವ ಒಂದು ಪುಟ್ಟ ಚೀಟಿಯನ್ನು ಅಲ್ಲಿ ಅಂಟಿಸಿರುತ್ತಾರೆ. ಆ ದಿನಾಂಕ ಕಳೆದ ಮೇಲೆ ತಲುಪುವ ಪತ್ರ ರದ್ದಿ. ಆರು ವಾರ ಮೊದಲು ತಲುಪುವ ಪತ್ರ ಕೆಲಸದ ಕಾಗದ.

ಇನ್ನು ಬಾಗಿಲು ತೆರೆಸುವವರು ಯಾರು? ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯದಿಂದ ಉದ್ಯೋಗ ಪಡೆದವರ ಪೈಕಿ ಪದೇಪದೇ ಭೇಟಿಯಾಗುವವರ ಮೂಲಕ ಅದನ್ನು ಪಡೆದವರು ಶೇ 17ರಷ್ಟೂ ಇರಲಿಲ್ಲ. ಉಳಿದವರಿಗೆ ಸುಳಿವು ಸಿಕ್ಕಿದ್ದು ಆಗೀಗ ಅಥವಾ ಅಪರೂಪಕ್ಕೆ ಕಾಣುವವರಿಂದ. ಅದು ಉದ್ಯೋಗದ ಮಾತು, ನಿಜ. ಆದರೂ ಆಪ್ತರಿಗೆ ತಿಳಿದಿರುವುದು ಬಹುಪಾಲು ನಮಗೂ ತಿಳಿದಿರುತ್ತದೆ ಎಂಬ ಕಾರಣ ಇಲ್ಲಿಗೂ ಸಲ್ಲುತ್ತದೆ. ಆದ್ದರಿಂದ ನಮ್ಮ ತಂತ್ರಜ್ಞರು ಹುಡುಕಬೇಕಾದದ್ದು ಅದೇ ಬಾಗಿಲಿಗೆ ಬೇರೆ ಸರಕು ಹೊತ್ತು ಹೋಗುವವರನ್ನು, ಅಂದರೆ ರಾಸಾಯನಿಕಗಳನ್ನೋ ಗಾಜಿನ ಸಾಮಾನುಗಳನ್ನೋ ಪೂರೈಸುವವರನ್ನು. ಅವರಲ್ಲಿ ಶಿಫಾರಸು ಬೇಡಬಾರದು, ಅದು ಅವರ ಮರ್ಯಾದೆಯನ್ನು ಪಣಕ್ಕಿಡುವ ಕೋರಿಕೆ. ಉಪಕರಣಗಳ ಹೊಣೆ ಯಾರದು ಎಂದಷ್ಟೇ ಕೇಳಿದರೆ ಸಾಕು, ಏಕೆಂದರೆ ತಕ್ಕಡಿಯ ತೊಂದರೆ ಅನುಭವಿಸುವವರು ಒಬ್ಬರು, ಖರ್ಚಿಗೆ ಸಹಿ ಹಾಕುವವರು ಇನ್ನೊಬ್ಬರು.

ಪತ್ರದಲ್ಲಿ ಸ್ವಂತ ಹೊಗಳಿಕೆಯಂತೂ ಬೇಡವೇ ಬೇಡ. (ಅನುಭವದ ವರ್ಷಗಳನ್ನು ಮೊದಲ ಸಾಲಿನಲ್ಲೇ ಎಣಿಸುವವರನ್ನು ಕಂಡರೆ ನನಗೆ ಆಕಳಿಕೆ ಬರುತ್ತದೆ.) “ನಿಮ್ಮ ತಕ್ಕಡಿಯ ಕೊನೆಯ ಅಂಕಿ ನಿಲ್ಲದೆ ಓಲಾಡುತ್ತಿದ್ದರೆ, ಮೊದಲು ಎಸಿಯ ಗಾಳಿ ಅದರತ್ತ ಬೀಸುತ್ತಿದೆಯೇ ನೋಡಿ” ಎಂಬ ಒಂದು ವಾಕ್ಯ ಸಾಕು, ಬರೆದವರಿಗೆ ಕೆಲಸ ಗೊತ್ತೆಂದು ಓದಿದವರಿಗೆ ತಿಳಿಯುತ್ತದೆ. ಸದ್ಯಕ್ಕೆ ಬೇಡ ಎಂಬ ಉತ್ತರ ಬಂದರೂ ಸರಿಯೇ. ಚೀಟಿಯ ಮೇಲಿನ ಮುಂದಿನ ದಿನಾಂಕವನ್ನು ಕೇಳಿ, ಪುಸ್ತಕದಲ್ಲಿ ಆ ಹೆಸರಿನ ಪಕ್ಕ ಬರೆದುಕೊಳ್ಳಿ.