ಬರದ ವರ್ಷವನ್ನು ಮುಂದಿಟ್ಟುಕೊಂಡು ಸಾಲ ಯೋಜನೆ ಮಾಡೋಣ

ಎಲ್ಲರಿಗೂ ನಮಸ್ಕಾರ.

ಬ್ಯಾಂಕುಗಳಿಗೆ ಹೊಸದಾಗಿ ಸೇರಿದ ಕೃಷಿ ಅಧಿಕಾರಿಗಳಿದ್ದೀರಿ. ಸಹಕಾರ ಸಂಘಗಳ ಕಾರ್ಯದರ್ಶಿಗಳು, ಪಂಚಾಯ್ತಿ ಸದಸ್ಯರು ಇದ್ದೀರಿ. ಚಳ್ಳಕೆರೆ, ಮೊಳಕಾಲ್ಮೂರು, ಹೊಸದುರ್ಗ, ಪಕ್ಕದ ಜಗಳೂರಿನಿಂದಲೂ ರೈತರು ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಚಿತ್ರದುರ್ಗದಂಥ ಜಿಲ್ಲೆಯ ಸಾಲ ಯೋಜನೆಯನ್ನು ನಾವು ಒಳ್ಳೆ ಮಳೆಯ ವರ್ಷವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತೇವೆ. ಬಿತ್ತನೆ ಆಗುತ್ತೆ, ಬೆಳೆ ಬರುತ್ತೆ, ಸಾಲ ವಾಪಸ್ ಬರುತ್ತೆ ಅಂತ. ಮಳೆ ಕೈಕೊಟ್ಟರೆ ಏನು ಮಾಡುವುದು ಅನ್ನುವ ಪುಟ ಆ ಯೋಜನೆಯಲ್ಲಿ ಇರುವುದೇ ಇಲ್ಲ. ಈ ನೆಲದಲ್ಲಿ ಮೊದಲು ಬರೆಯಬೇಕಾದ ಪುಟವೇ ಅದು ಅಂತ ನಾನು ನಂಬಿದ್ದೇನೆ.

ದಾವಣಗೆರೆ ಕಡೆಯವರಿಗೆ ಇದು ಸ್ವಲ್ಪ ಬೇರೆಯಾಗಿ ಕಾಣಬಹುದು. 1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು. ಅಲ್ಲಿಯವರೆಗೆ ದಾವಣಗೆರೆ, ಹರಿಹರ, ಜಗಳೂರು ಎಲ್ಲ ಚಿತ್ರದುರ್ಗದಲ್ಲೇ ಇದ್ದವು. ಭದ್ರಾ ನಾಲೆಯ ನೀರು ಹರಿಯುವ ತಾಲ್ಲೂಕುಗಳು ಆ ಕಡೆ ಹೋದವು. ಈ ಕಡೆ ಉಳಿದದ್ದು ಬಹುಪಾಲು ಖುಷ್ಕಿ, ಅಂದರೆ ಮಳೆಯನ್ನೇ ನಂಬಿದ ಭೂಮಿ. ಹಿರಿಯೂರಿಗೆ ವಾಣಿವಿಲಾಸ ಸಾಗರ ಇದೆ, ನಿಜ. 1907ರ ಹೊತ್ತಿಗೆ ವೇದಾವತಿಗೆ ಕಟ್ಟಿ ಮುಗಿಸಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಈ ಒಂದು ಲೆಕ್ಕ ಸಾಕು, ಇಲ್ಲಿ ನೀರನ್ನು ನಂಬಿ ಕೂರುವಂತಿಲ್ಲ ಅನ್ನುವುದಕ್ಕೆ. ಚಳ್ಳಕೆರೆಯಲ್ಲಿ ವರ್ಷಕ್ಕೆ ಸರಾಸರಿ 500 ಮಿಲಿಮೀಟರ್ ಆಸುಪಾಸು ಮಳೆ. ಅದೂ ಬೇಕಾದಾಗ ಬರುವುದಿಲ್ಲ. ಜೋರು ಮಳೆ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬಿತ್ತನೆ ಆಗಬೇಕಾದದ್ದು ಜೂನ್ ಕೊನೆ, ಜುಲೈ ಹೊತ್ತಿನ ಆರಿದ್ರಾ, ಪುನರ್ವಸು ಮಳೆಗೆ. ನಡುವಿನ ಒಣ ದಿನಗಳೇ ರೈತನ ಭವಿಷ್ಯ ತೀರ್ಮಾನ ಮಾಡುತ್ತವೆ.

ಯೋಜನೆ ಹೇಗೆ ತಯಾರಾಗುತ್ತದೆ ಅನ್ನುವುದನ್ನು ಹೊಸಬರಿಗಾಗಿ ಚುಟುಕಾಗಿ ಹೇಳುತ್ತೇನೆ. ಲೀಡ್ ಬ್ಯಾಂಕ್ ಪದ್ಧತಿ ಬಂದದ್ದು 1969ರ ಕೊನೆಯಲ್ಲಿ. ಒಂದೊಂದು ಜಿಲ್ಲೆಗೆ ಒಂದೊಂದು ಬ್ಯಾಂಕು ಮುಂದೆ ನಿಂತು, ಉಳಿದ ಬ್ಯಾಂಕುಗಳನ್ನೂ ಸರ್ಕಾರಿ ಇಲಾಖೆಗಳನ್ನೂ ಸೇರಿಸಿಕೊಂಡು ಸಾಲದ ಯೋಜನೆ ಮಾಡಬೇಕು ಅನ್ನುವುದು ಅದರ ಆಶಯ. 1982ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು ಬಂತು. ಈಗ ನಬಾರ್ಡ್ ಪ್ರತಿ ಜಿಲ್ಲೆಗೂ ವರ್ಷಕ್ಕೊಂದು ಪುಸ್ತಕ ಮಾಡುತ್ತದೆ. ಎಷ್ಟು ಭೂಮಿ, ಎಷ್ಟು ನೀರು, ಎಷ್ಟು ದನಕರು, ಯಾವ ಕಸುಬಿಗೆ ಎಷ್ಟು ಸಾಲ ಹಿಡಿಸೀತು ಅನ್ನುವ ಅಂದಾಜು ಅದರಲ್ಲಿರುತ್ತದೆ. ಅದನ್ನು ಆಧರಿಸಿ ಲೀಡ್ ಬ್ಯಾಂಕು ಏಪ್ರಿಲಿನಿಂದ ಮಾರ್ಚಿನವರೆಗಿನ ಸಾಲ ಯೋಜನೆ ಮಾಡಿ, ಶಾಖೆಗಳಿಗೆ ಗುರಿ ಹಂಚುತ್ತದೆ. ಒಂದು ಎಕರೆಗೆ ಯಾವ ಬೆಳೆಗೆ ಎಷ್ಟು ಸಾಲ ಅನ್ನುವುದನ್ನು ಜಿಲ್ಲಾ ತಾಂತ್ರಿಕ ಸಮಿತಿ ಗೊತ್ತು ಮಾಡುತ್ತದೆ. ವ್ಯವಸ್ಥೆ ಚೆನ್ನಾಗಿಯೇ ಇದೆ. ಕಷ್ಟ ಶುರುವಾಗುವುದು ಗುರಿ ತುಂಬುವ ಜಾಗದಲ್ಲಿ. ಕಳೆದ ವರ್ಷದ ಅಂಕಿಗೆ ಇಷ್ಟು ಪರ್ಸೆಂಟ್ ಸೇರಿಸು, ಈ ವರ್ಷದ ಗುರಿ ರೆಡಿ. ನೆಲ ನೋಡಿ ಬರೆದ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ.

ಆ ಅಂಕಿಯೊಳಗೆ ಏನಿದೆ ನೋಡೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಒಬ್ಬ ರೈತರಿಗೆ 1 ಲಕ್ಷ ಬೆಳೆ ಸಾಲ ಇದೆ ಅಂದುಕೊಳ್ಳಿ. ವರ್ಷದೊಳಗೆ ಕಟ್ಟಿದರೆ ಬಡ್ಡಿ ಶೇ 4. ಅಂದರೆ 4,000 ರೂಪಾಯಿ. ತಡವಾದರೆ ಸರ್ಕಾರದ ರಿಯಾಯಿತಿ ಹೋಗುತ್ತದೆ. ಹೋದ ವರ್ಷ ಶೇಂಗಾ ಕೈಕೊಟ್ಟಿದೆ. ಕಟ್ಟಲು ದುಡ್ಡಿಲ್ಲ. ಆಗ ಅವರು ಏನು ಮಾಡುತ್ತಾರೆ? ಊರಲ್ಲೇ ಯಾರ ಹತ್ತಿರವೋ ನಾಲ್ಕೈದು ದಿನದ ಮಟ್ಟಿಗೆ ಕೈಸಾಲ ತಂದು ಬ್ಯಾಂಕಿಗೆ ಕಟ್ಟುತ್ತಾರೆ. ಬ್ಯಾಂಕು ಸಾಲ ರಿನ್ಯೂವಲ್ ಮಾಡುತ್ತದೆ. ಹೊಸ ಸಾಲದ ದುಡ್ಡು ನೇರವಾಗಿ ಕೈಸಾಲ ಕೊಟ್ಟವನಿಗೆ ಹೋಗುತ್ತದೆ. ಆ ನಾಲ್ಕು ದಿನಕ್ಕೆ ಅವನು ಲಕ್ಷಕ್ಕೆ 2,000 ತೆಗೆದುಕೊಂಡರೂ, ಬ್ಯಾಂಕಿನ ಇಡೀ ವರ್ಷದ ಬಡ್ಡಿಯ ಅರ್ಧ ಅಲ್ಲಿಗೇ ಹೋಯಿತು. ಬಿತ್ತನೆಗೆ ರೈತರ ಕೈಯಲ್ಲಿ ಉಳಿದದ್ದು ಎಷ್ಟು? ಏನೂ ಇಲ್ಲ. ಶೇಂಗಾ ಬೀಜ ಸುಮ್ನೆ ಬರುವುದಿಲ್ಲ, ಎಕರೆಗೆ 40 ಕೆಜಿಗೂ ಜಾಸ್ತಿ ಬೀಜ ಬೇಕು. ಅದಕ್ಕೆ ಮತ್ತೆ ಮಂಡಿಯವರ ಹತ್ತಿರ ಮುಂಗಡ. ಮುಂಗಡ ಕೊಟ್ಟವರಿಗೇ ಮಾಲು ಹಾಕಬೇಕು.

ಈ ಕಥೆ ನಮ್ಮ ಪುಸ್ತಕದಲ್ಲಿ ಹೇಗೆ ದಾಖಲಾಗುತ್ತದೆ ಗೊತ್ತಾ? ವಸೂಲಿ 1 ಲಕ್ಷ. ಹೊಸ ಸಾಲ ವಿತರಣೆ 1 ಲಕ್ಷ. ಗುರಿ ಮುಟ್ಟಿದೆ. ಜಿಲ್ಲಾ ಸಭೆಯಲ್ಲಿ ಸಾಧನೆ ನೂರಕ್ಕೆ ನೂರು. ಆದರೆ ಹೊಲಕ್ಕೆ ಒಂದು ರೂಪಾಯಿಯೂ ಹೋಗಿಲ್ಲ. ಯೋಜನೆ ಮಾಡುವವರು ಮೊದಲು ಬೇರೆ ಮಾಡಬೇಕಾದ ಅಂಕಿ ಇದು. ರಿನ್ಯೂವಲ್ ಎಷ್ಟು, ನಿಜವಾಗಿ ಹೊಸದಾಗಿ ಹೊಲಕ್ಕೆ ಹೋದ ದುಡ್ಡು ಎಷ್ಟು? ಶಾಖೆವಾರು ಇದನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಮೊದಲ ಸಲ ನೋಡಿದಾಗ ಮನಸ್ಸಿಗೆ ನೋವಾಗುತ್ತದೆ. ಆದರೂ ನೋಡಲೇಬೇಕು.

ಬೆಳೆ ಹಾಳಾದಾಗ ಇದಕ್ಕೆ ದಾರಿಯೇ ಇಲ್ಲ ಅಂತಲ್ಲ. ಸರ್ಕಾರ ಬರ ಘೋಷಿಸಿ, ಬೆಳೆ ನಷ್ಟ ಶೇ 33 ದಾಟಿದರೆ ಬೆಳೆ ಸಾಲವನ್ನು ಅವಧಿ ಸಾಲವಾಗಿ, ಅಂದರೆ ಕೆಲವು ವರ್ಷಗಳ ಕಂತಿನಲ್ಲಿ ತೀರಿಸುವ ಸಾಲವಾಗಿ ಬದಲಿಸಿ, ಕಂತು ಮುಂದೂಡಿ, ಹೊಸ ಬೆಳೆಗೆ ಹೊಸ ಸಾಲ ಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಬಹಳ ಕಾಲದಿಂದ ಇದೆ. ನಷ್ಟ ಅರ್ಧಕ್ಕಿಂತ ಜಾಸ್ತಿಯಾದರೆ ಐದು ವರ್ಷದವರೆಗೂ ಕಾಲಾವಕಾಶ ಕೊಟ್ಟಿದ್ದಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಅಂಥ ವರ್ಷದಲ್ಲಿ ಈ ನಿಯಮ ಊರೂರಿಗೆ ತಲುಪಬೇಕಿತ್ತು. ಅದು ನಡೆಯಬೇಕಾದಷ್ಟು ನಡೆಯುವುದಿಲ್ಲ. ಯಾಕೆಂದರೆ ಘೋಷಣೆ ಬಂದ ಮೇಲೆ ಅರ್ಜಿ ಹುಡುಕುವುದು, ರೈತರನ್ನು ಕರೆಯುವುದು, ಕಾಗದ ಪತ್ರಕ್ಕೆ ಸಹಿ ಹಾಕಿಸುವುದು ಶುರುವಾಗುತ್ತದೆ. ಅಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಶಾಖೆಯಲ್ಲಿ ಇರುವುದು ಒಬ್ಬ ಕೃಷಿ ಅಧಿಕಾರಿ, ಕೆಲವು ಕಡೆ ಅವರೂ ಇಲ್ಲ. ರೈತರಿಗೆ ಇಂಥದ್ದೊಂದು ದಾರಿ ಇದೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಾಗುವುದು ಸಾಲ ಮನ್ನಾ ಮಾತ್ರ. 2008, 2017, 2018ರಲ್ಲಿ ಮನ್ನಾ ನೋಡಿದ್ದೇವೆ. ಮನ್ನಾ ಬಂದಾಗ ಬ್ಯಾಂಕಿನ ಸಾಲ ತೀರುತ್ತದೆ, ಕೈಸಾಲ ಹಾಗೇ ಉಳಿಯುತ್ತದೆ.

ಅದಕ್ಕೇ ನಾನು ಕೇಳುವುದು ಇಷ್ಟು. ಏಪ್ರಿಲಿನಲ್ಲೇ, ಮಳೆ ಬರುವ ಮೊದಲೇ, ಪ್ರತಿ ಶಾಖೆಯೂ ಬರದ ಪಟ್ಟಿ ಮಾಡಿಟ್ಟುಕೊಳ್ಳಲಿ. ಯಾವ ಪಂಚಾಯ್ತಿ, ಎಷ್ಟು ಖುಷ್ಕಿ ಖಾತೆ, ಯಾವ ಬೆಳೆ. ಆಗಸ್ಟ್ ಕೊನೆಗೆ, ಮಘೆ ಮಳೆ ಮುಗಿಯುವ ಹೊತ್ತಿಗೆ, ಬಿತ್ತನೆ ಮೊದಲೇ ಗೊತ್ತು ಮಾಡಿದ ಮಟ್ಟಕ್ಕಿಂತ ಕಡಿಮೆ ಆದರೆ ಯೋಜನೆಯ ಬರದ ಪುಟ ಜಾರಿಗೆ ಬರಬೇಕು. ಹುರುಳಿ, ನವಣೆ, ಸಾಮೆಯಂಥ ತಡವಾಗಿ ಬಿತ್ತುವ ಬೆಳೆಗೆ ಎಷ್ಟು ದುಡ್ಡು, ಮೇವಿಗೆ ಎಷ್ಟು, ಯಾವ ಖಾತೆಗಳ ಕಂತು ಮುಂದೂಡಬೇಕು, ಎಲ್ಲ ಮೊದಲೇ ಬರೆದಿರಬೇಕು. ಬೆಳೆ ವಿಮೆಗೆ ಮುಂಗಾರಿನಲ್ಲಿ ಶೇ 2, ಹಿಂಗಾರಿನಲ್ಲಿ ಶೇ 1.5 ರೈತರ ಪಾಲು. 2020ರಿಂದ ಅದು ಕಡ್ಡಾಯವಲ್ಲ. ಹಾಗಂತ ಬಿಟ್ಟುಬಿಡಬೇಡಿ. ಯಾರು ವಿಮೆ ಮಾಡಿಸಿಲ್ಲ ಅನ್ನುವ ಪಟ್ಟಿಯೂ ಶಾಖೆಯಲ್ಲಿ ಇರಲಿ.

ಇನ್ನು ಕುರಿ. ನನ್ನ ಪ್ರಕಾರ ಈ ಜಿಲ್ಲೆಯ ಸಾಲ ಯೋಜನೆಯಲ್ಲಿ ತುಂಬಾ ಕಡಿಮೆ ಗಮನ ಸಿಕ್ಕಿರುವ ಕಸುಬು ಇದೇ. ಶೇಂಗಾ ಹಾಳಾದ ವರ್ಷವೂ ಮನೆ ನಡೆಸುವುದು ಕುರಿ. ಚಳ್ಳಕೆರೆ, ಹಿರಿಯೂರು ಕಡೆಯ ಮಂದೆಗಳು ಬೇಸಿಗೆಯಲ್ಲಿ ನೀರಾವರಿ ಸೀಮೆಗೆ ಇಳಿಯುತ್ತವೆ. ಅಲ್ಲಿ ಗದ್ದೆಯಲ್ಲಿ ಕುರಿ ತರುಬಿದರೆ ಗದ್ದೆಗೆ ಗೊಬ್ಬರ, ಕುರಿಗೆ ಮೇವು, ಕುರಿಗಾರನಿಗೆ ನಾಲ್ಕು ಕಾಸು. ಖುಷ್ಕಿಯವರಿಗೂ ತರಿಯವರಿಗೂ ಹೀಗೊಂದು ನಂಟು. ಆದರೆ ಬ್ಯಾಂಕಿಗೆ ಬಂದಾಗ ಕುರಿಗಾರರಿಗೆ ಮೊದಲು ಕೇಳುವುದು ಪಹಣಿ. ಅನೇಕರಿಗೆ ಪಹಣಿಯೇ ಇಲ್ಲ, ಇದ್ದರೂ ಅಪ್ಪನ ಹೆಸರಲ್ಲಿ. ಇನ್ಸ್‌ಪೆಕ್ಷನ್‌ಗೆ ಹೋದಾಗ ಮಂದೆ ಊರಲ್ಲಿ ಇರುವುದಿಲ್ಲ. ಅಧಿಕಾರಿಗೆ ಅನುಮಾನ ಬರುತ್ತದೆ.

2019ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಪಶುಸಂಗೋಪನೆಗೂ ಸಿಗುತ್ತಿದೆ. 2025ರ ಜನವರಿಯಿಂದ 2 ಲಕ್ಷದವರೆಗೆ ಜಾಮೀನು, ಅಡಮಾನ ಕೇಳುವಂತಿಲ್ಲ. ಇವೆರಡನ್ನೂ ಸೇರಿಸಿ ನೋಡಿ. ಬರ ಬಿದ್ದಾಗ ಕುರಿಗಾರ ಮೊದಲು ಮಾರುವುದು ಯಾವುದನ್ನು? ಮೇವಿಲ್ಲದೆ ಸೊರಗಿದ ಹೆಣ್ಣು ಕುರಿಗಳನ್ನು. ಎಲ್ಲರೂ ಒಟ್ಟಿಗೆ ಮಾರುವುದರಿಂದ ರೇಟೂ ಬಿದ್ದಿರುತ್ತದೆ. ಮುಂದಿನ ವರ್ಷ ಮಳೆ ಬಂದಾಗ ಮಂದೆ ಕಟ್ಟಲು ತಾಯಿ ಕುರಿಯೇ ಇಲ್ಲ. ಅಂಥ ಮೂರು ನಾಲ್ಕು ತಿಂಗಳಲ್ಲಿ ಮೇವಿಗೆ, ಔಷಧಿಗೆ ಸಣ್ಣದೊಂದು ಸಾಲ ಸಿಕ್ಕರೆ ಮಂದೆ ಉಳಿಯುತ್ತದೆ. ಕುರಿ ಕೊಳ್ಳಲು 20 ಕುರಿ, ಒಂದು ಟಗರಿನ ಸಣ್ಣ ಘಟಕಗಳಿಗೆ ಅವಧಿ ಸಾಲ ಕೊಡಿ. ಕುರಿಯ ಕಿವಿಗೆ ಗುರುತಿನ ಓಲೆ ಹಾಕಿಸಿ ವಿಮೆ ಮಾಡಿಸಿ. ಕಂತು ತಿಂಗಳಿಗೊಮ್ಮೆ ಇಡಬೇಡಿ, ಮರಿ ಮಾರುವ ಕಾಲಕ್ಕೆ ಇಡಿ. ಮಂದೆ ಯಾವ ತಿಂಗಳು ಎಲ್ಲಿರುತ್ತದೆ ಅಂತ ಕುರಿಗಾರರನ್ನೇ ಕೇಳಿ ಬರೆದುಕೊಳ್ಳಿ, ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಶಾಖೆಯ ಗುರಿಯಲ್ಲಿ ಕುರಿಗೆ ಅಂತಲೇ ಪ್ರತ್ಯೇಕ ಸಾಲು ಇರಬೇಕು. ‘ಕೃಷಿ, ಇತರೆ’ ಅನ್ನುವುದರೊಳಗೆ ಅದನ್ನು ಮುಳುಗಿಸಬೇಡಿ.

ದಾಳಿಂಬೆ, ಅಡಿಕೆ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಜಗಳೂರಿನಲ್ಲಿ 57 ಕೆರೆ, ಭರಮಸಾಗರ ಭಾಗದಲ್ಲಿ 43 ಕೆರೆ ತುಂಬಿಸುವ ಯೋಜನೆಗಳು ಬಂದಿವೆ. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗೆ ಜನ ಕಾಯುತ್ತಿದ್ದಾರೆ. ಕೆರೆ ತುಂಬಿದ ಕಡೆ ಬೋರುಗಳಲ್ಲಿ ನೀರು ಬಂದಾಗ ರೈತರು ಅಡಿಕೆ ಕಡೆ ತಿರುಗುವುದು ಸಹಜ, ನಾನು ಅವರನ್ನು ದೂರುವುದಿಲ್ಲ. ಆದರೆ ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. ಆ ಐದಾರು ವರ್ಷದಲ್ಲಿ ಒಂದು ಬರವಾದರೂ ಬರುತ್ತೆ, ಅಲ್ವಾ? ಬೋರು ಕೊರೆಸಲು ಸಾಲ, ಅದು ಬತ್ತಿದರೆ ಮತ್ತೊಂದಕ್ಕೆ ಕೈಸಾಲ, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ತೋಟ ಉಳಿಸಲು ಹೋಗಿ ಹೊಲ ಮಾರಿದವರಿದ್ದಾರೆ. ದಾಳಿಂಬೆಗೆ ದುಂಡಾಣು ಅಂಗಮಾರಿ ಬಿದ್ದರೆ ಎರಡು ವಾರದಲ್ಲಿ ಹಣ್ಣೆಲ್ಲ ಹಾಳು. ಹಾಗಾಗಿ ಬಾಗಾಯ್ತು ಸಾಲ ಕೊಡುವ ಮುನ್ನ ಬರದ ವರ್ಷದ ಏಪ್ರಿಲಿನಲ್ಲಿ ಆ ಬೋರು ಎಷ್ಟು ಇಂಚು ನೀರು ಕೊಡುತ್ತದೆ ಅಂತ ಕೇಳಿ. ಮಳೆಗಾಲದಲ್ಲಿ ನೋಡಿದ ನೀರನ್ನು ನಂಬಬೇಡಿ. ತೋಟದ ಜೊತೆ ಡ್ರಿಪ್ಪು, ಕೃಷಿ ಹೊಂಡ ಸೇರಿಸಿಯೇ ಸಾಲ ಮಂಜೂರು ಮಾಡಿ. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ 2014ರಿಂದ ಹೊಂಡ ತೆಗೆದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರ ಹೊಲಗಳಿಗೆ ಹೋಗಿ ನೋಡಿ ಬನ್ನಿ, ಒಂದೆರಡು ಸಲ ಹಾಯಿಸಿದ ಹೊಂಡದ ನೀರಿನಿಂದ ಬೆಳೆ ಉಳಿದ ಉದಾಹರಣೆಗಳು ಸಿಗುತ್ತವೆ.

ಈರುಳ್ಳಿಯದು ಬೇರೆಯೇ ಸಂಕಟ, ಬೆಳೆ ಚೆನ್ನಾಗಿ ಬಂದ ವರ್ಷವೇ ರೇಟು ಬಿದ್ದು ನಷ್ಟ. ಈರುಳ್ಳಿ ಇಡುವ ಸಣ್ಣ ಶೆಡ್ಡಿಗೆ ಸಾಲ ಕೊಟ್ಟರೆ ಕಿತ್ತ ತಕ್ಷಣ ಮಾರುವುದು ಸ್ವಲ್ಪ ತಪ್ಪುತ್ತದೆ. ಶೇಂಗಾವನ್ನಾದರೆ ಗೋದಾಮಿನಲ್ಲಿಟ್ಟು ರಸೀದಿ ಮೇಲೆ ಸಾಲ ತೆಗೆಯಬಹುದು.

ಕೋರಿಗೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ ಬೇರೆಯವರ ಹೊಲ ಮಾಡುವವರನ್ನೂ ಮರೆಯುವಂತಿಲ್ಲ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿ ಕರಾರನ್ನು ಕಾಗದದಲ್ಲಿ ಬರೆಯುವಂತಿಲ್ಲ, ಹಾಗಾಗಿ ಅವರಿಗೆ ದಾಖಲೆ ಇಲ್ಲ. ಬರ ಪರಿಹಾರವಾಗಲಿ, ವಿಮೆಯಾಗಲಿ, ರಿಯಾಯಿತಿ ಬಡ್ಡಿಯಾಗಲಿ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಬೆವರು ಸುರಿಸಿದವರು ಬರಿಗೈ. ನಾಲ್ಕರಿಂದ ಹತ್ತು ಜನ ಸೇರಿ, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗುವ ಜಂಟಿ ಬಾಧ್ಯತಾ ಗುಂಪುಗಳಿಗೆ ಸಾಲ ಕೊಡುವ ಅವಕಾಶ ಇದೆ. ನಮ್ಮ ಶಾಖೆಗಳು ಇದನ್ನು ಧೈರ್ಯವಾಗಿ ಬಳಸಬೇಕು.

ಸಹಕಾರ ಸಂಘದವರಿಗೆ ಒಂದು ಮಾತು. ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು ರಾಜ್ಯದ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಮಿತಿ ಏರಿದ್ದು ದೊಡ್ಡ ಹಿಡುವಳಿಯವರಿಗೆ ಅನುಕೂಲ. ಮೂರು ಎಕರೆ ಖುಷ್ಕಿ ಇರುವವರಿಗೆ ಬೇಕಾದದ್ದು ಹೊಸ ಸದಸ್ಯತ್ವ. ಸಂಘದ ಬಾಗಿಲಿಗೇ ಬಾರದವರು ಎಷ್ಟು ಜನ ಅಂತ ಊರಿನವರಾದ ನಿಮಗೆ ಚೆನ್ನಾಗಿ ಗೊತ್ತು.

ಪಂಚಾಯ್ತಿಯವರು, ರೈತರು ಕೇಳಬೇಕಾದ ಜಾಗವೂ ಇದೆ. ಜಿಲ್ಲಾ ಮಟ್ಟದ ಪರಿಶೀಲನಾ ಸಭೆಗೆ ಶಾಸಕರು, ಸಂಸದರನ್ನು ಕರೆಯುತ್ತಾರೆ. ಅವರ ಕೈಯಲ್ಲಿ ನೀವು ಪ್ರಶ್ನೆ ಬರೆದು ಕಳಿಸಿ. ನಮ್ಮ ಶಾಖೆಯಲ್ಲಿ ಊರಿನವರು ಇಟ್ಟ ಠೇವಣಿ ಎಷ್ಟು, ಊರಿಗೆ ಕೊಟ್ಟ ಸಾಲ ಎಷ್ಟು? ಹಳ್ಳಿ ಶಾಖೆಗಳಲ್ಲಿ ನೂರು ರೂಪಾಯಿ ಠೇವಣಿಗೆ 60 ರೂಪಾಯಿಯಾದರೂ ಸಾಲ ಇರಬೇಕು ಅನ್ನುವ ಅಪೇಕ್ಷೆ ಇದೆ. ಆ ಸಾಲದಲ್ಲಿ ಬಂಗಾರದ ಮೇಲಿನದ್ದು ಎಷ್ಟು, ಅವಧಿ ಸಾಲ ಎಷ್ಟು ಅಂತಲೂ ಕೇಳಿ.

ನಬಾರ್ಡಿನ ಮುಂದಿನ ವರ್ಷದ ಪುಸ್ತಕಕ್ಕೆ ಮುಂಚಿನ ಸಮಾಲೋಚನೆ ಜೂನಿನಲ್ಲಿ ನಡೆಯುತ್ತದೆ. ಅದಕ್ಕೆ ಬರುವಾಗ ಪ್ರತಿ ಶಾಖೆ, ಪ್ರತಿ ಸಂಘ ತನ್ನ ಪಂಚಾಯ್ತಿಯ ಒಂದೇ ಒಂದು ಹಾಳೆ ತನ್ನಿ. ರಿನ್ಯೂವಲ್ ಬಿಟ್ಟು ನಿಜವಾದ ಹೊಸ ಸಾಲ, 2023ರಲ್ಲಿ ಕಂತು ಮುಂದೂಡಿದ ಖಾತೆಗಳು, ಕುರಿಗೆ ಕೊಟ್ಟ ಸಾಲ. ಇವು ಮೂರು ಇದ್ದರೆ ಚರ್ಚೆ ಶುರು ಮಾಡಬಹುದು.

ಮೊಳಕಾಲ್ಮೂರಿನವರ ರೇಷ್ಮೆ, ಮಗ್ಗದ ಸಾಲದ ವಿಷಯಕ್ಕೆ ನಾನು ಬರಲಿಲ್ಲ. ಅದರ ಕಷ್ಟ ಅಲ್ಲಿಯವರ ಬಾಯಿಂದಲೇ ಬಂದರೆ ಒಳ್ಳೆಯದು. ಮೊದಲು ನೀವು ಮಾತಾಡಿ, ಆಮೇಲೆ ಉಳಿದವರ ಪ್ರಶ್ನೆ ತೆಗೆದುಕೊಳ್ಳೋಣ.