ಮುಂದಿನ ಸಲ ಮುರಿದ ತುಂಡೊಂದನ್ನು ತನ್ನಿ

ಕೇಳುಗರೇ, ನಮಸ್ಕಾರ. ಇಂಜಿನಿಯರಿಂಗ್ ಕಾಲೇಜುಗಳ ಅತಿಥಿ ಉಪನ್ಯಾಸಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ಆಡಿದ ನಾಲ್ಕು ಮಾತಿಗೆ ಒಬ್ಬ ಮಹನೀಯರು ಹೀಗೆ ಬರೆದಿದ್ದಾರೆ: "ನಿಮ್ಮನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ, ಅದಕ್ಕೇ ಈ ಹೊಟ್ಟೆಕಿಚ್ಚು." ಕರೆಯುವುದಿಲ್ಲ ಎಂಬುದು ನಿಜ, ಹಣ್ಣಿನ ಬುಟ್ಟಿಯ ಮಟ್ಟಿಗೆ ಹೊಟ್ಟೆಕಿಚ್ಚೂ ನಿಜವಿರಬಹುದು. ಆದರೂ ನನ್ನ ಬೇಡಿಕೆ ಬದಲಾಗಿಲ್ಲ. ವಾಹನ ಅಥವಾ ವಿಮಾನದ ವಿನ್ಯಾಸದ ಕುರಿತು ವಿದ್ಯಾರ್ಥಿಗಳಿಗೆ ಹೇಳಲು ಬರುವ ಅತಿಥಿ, ತಮ್ಮ ಚೀಲದಲ್ಲಿ ಮುರಿದ ಭಾಗವೊಂದನ್ನು ಹಾಕಿಕೊಂಡು ಬರಬೇಕು.

ಈ ಸಿಟ್ಟಿಗೆ ಕಾರಣವಾದದ್ದು ಬೆಳಗಾವಿಯ ಒಂದು ಕಾಲೇಜಿನಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ ಉಪನ್ಯಾಸ. ಪ್ರಾರ್ಥನೆ, ದೀಪ ಬೆಳಗುವಿಕೆ, ಅತಿಥಿಗಳ ಪರಿಚಯ, ಶಾಲು, ಪೇಟ ಮತ್ತು ಕುಂದಾದ ಡಬ್ಬಿ ಎಲ್ಲವೂ ಮುಗಿದ ಮೇಲೆ ಪರದೆಯ ಮೇಲೆ ಕಂಪನಿಯ ಶಾಖೆಗಳಿರುವ ವಿಶ್ವ ಭೂಪಟ ಮೂಡಿತು. ಅದು ಕೆಳಗಿಳಿಯುವ ಹೊತ್ತಿಗೆ ಸಭಾಂಗಣದ ಅರ್ಧ ಭಾಗ ಮೊಬೈಲಿನಲ್ಲಿ ಮುಳುಗಿತ್ತು. ಕೊನೆಯಲ್ಲಿ, ವಿದ್ಯಾರ್ಥಿಗಳೇ ಕಟ್ಟಿದ ಕಚ್ಚಾದಾರಿಯ ವಾಹನಗಳ ಬಾಹಾ ಸ್ಪರ್ಧೆಗೆಂದು ಬಗ್ಗಿ ಕಟ್ಟುತ್ತಿರುವ ತಂಡದ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ನಮ್ಮ ಸಸ್ಪೆನ್ಷನ್ ಆರ್ಮ್ ಪ್ರತಿ ಸಲಾನೂ ವೆಲ್ಡಿಂಗ್ ಬಾಜೂಕನ ಮುರೀತೈತ್ರಿ. ವೆಲ್ಡಿಂಗ್ ಮಾತ್ರ ಗಟ್ಟಿನ ಇರ್ತೈತಿ. ಯಾಕ್ರಿ?" ಇಡೀ ಮಧ್ಯಾಹ್ನದ ಏಕೈಕ ಇಂಜಿನಿಯರಿಂಗ್ ಮಾತು ಅದಾಗಿತ್ತು. ಅತಿಥಿಗಳು ಮುಗುಳ್ನಕ್ಕು, "ನಿಮ್ಮ ಪ್ಯಾಷನ್ ಬಿಡಬೇಡಿ" ಎಂದರು. ಚಪ್ಪಾಳೆ ಬಿತ್ತು.

ಚಕ್ರವನ್ನು ಬಗ್ಗಿಯ ಚೌಕಟ್ಟಿಗೆ ಜೋಡಿಸುವ ಆ ಮುರಿದ ಆರ್ಮ್ ಮೇಜಿನ ಮೇಲಿದ್ದಿದ್ದರೆ ಏನೇನು ಹೇಳಬಹುದಿತ್ತು ಎಂಬುದನ್ನು ಸ್ವಲ್ಪ ಯೋಚಿಸಿ. ವೆಲ್ಡಿಂಗ್ ಪಕ್ಕದ ಲೋಹ ಕರಗುವುದಿಲ್ಲ, ಆದರೆ ಕಾಯುತ್ತದೆ. ಬೇಗ ತಣಿದರೆ ಕೆಲವು ಉಕ್ಕುಗಳಲ್ಲಿ ಆ ಪಟ್ಟಿ ಗಡುಸಾಗಿ ಪೆಡಸಾಗುತ್ತದೆ. ಬೆಸುಗೆಯ ಅಂಚಿನಲ್ಲಿ ಆಕಾರ ಥಟ್ಟನೆ ಬದಲಾಗುವುದರಿಂದ ಒತ್ತಡವೂ ಅಲ್ಲಿಯೇ ಸೇರಿಕೊಳ್ಳುತ್ತದೆ. ಹೀಗಾಗಿ ಬಿರುಕು ಅಲ್ಲಿ ಹುಟ್ಟಿ, ದಾರಿಯ ಗುಂಡಿಯಿಂದ ಗುಂಡಿಗೆ ಒಂದಿಷ್ಟೊಂದಿಷ್ಟೇ ಮುಂದುವರಿದು, ಉಳಿದ ಲೋಹ ಭಾರ ತಾಳಲಾರದ ದಿನ ಮುರಿಯುತ್ತದೆ. ಮುರಿದ ಮುಖವನ್ನು ಮಸೂರದಲ್ಲಿ ನೋಡಿದರೆ ಬಿರುಕು ನಿಧಾನವಾಗಿ ಸಾಗಿದ ಭಾಗ ನುಣುಪಾಗಿ, ಅನೇಕ ಸಲ ಬಾಗಿದ ಗೆರೆಗಳೊಂದಿಗೆ ಕಾಣುತ್ತದೆ; ಒಂದೇ ಏಟಿಗೆ ಹೋದ ಕೊನೆಯ ಭಾಗ ಒರಟಾಗಿರುತ್ತದೆ. ಆ ಗೆರೆಗಳನ್ನು ಹಿಂಬಾಲಿಸಿದರೆ ಬಿರುಕು ಹುಟ್ಟಿದ ಜಾಗವೇ ಸಿಗುತ್ತದೆ. ಅತಿಥಿಗಳ ಎರಡು ಗಂಟೆಯ ಮಾತಿನಲ್ಲಿ ಇದರ ಹತ್ತರಲ್ಲೊಂದು ಪಾಲೂ ಇರಲಿಲ್ಲ.

"ವಿಮಾನ ದೊಡ್ಡ ವಿಷಯ, ಅದಕ್ಕೆ ಮುರಿದ ತುಂಡು ಸಾಲದು" ಎನ್ನುವವರಿದ್ದಾರೆ. ಸ್ವಾಮಿ, ವಿಮಾನದ ವಿನ್ಯಾಸ ಕಲಿತದ್ದೇ ಮುರಿದ ತುಂಡುಗಳಿಂದ. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದಾಗ, ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಅದೇ ಮಾದರಿಯ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಅದು ಬಿರಿಯುವವರೆಗೂ ಮತ್ತೆ ಮತ್ತೆ ಒತ್ತಡ ತುಂಬಿ ಇಳಿಸಿದರು. 2006ರಲ್ಲಿ ಏರ್‌ಬಸ್ ಎ380ರ ರೆಕ್ಕೆಯನ್ನು ಪರೀಕ್ಷೆಯಲ್ಲಿ ಬಗ್ಗಿಸಿದಾಗ, ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರದ 1.5 ಪಟ್ಟು ತಾಳಬೇಕಾಗಿದ್ದ ಅದು 1.45ರ ಆಸುಪಾಸಿನಲ್ಲಿಯೇ ಮುರಿಯಿತು. ಆ ಜಾಗವನ್ನು ಬಲಪಡಿಸಬೇಕಾಯಿತು. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ "ಸುರಕ್ಷತಾ ಗುಣಾಂಕ 4 ಎಂದು ಭಾವಿಸಿ" ಎಂದು, ಅಂದರೆ ಬರುವ ಭಾರದ ನಾಲ್ಕು ಪಟ್ಟು ತಾಳುವಂತೆ ಮಾಡಿ ಎಂದು, ಓದಿ ಬೆಳೆದ ಹುಡುಗರಿಗೆ, ವಿಮಾನದವರು ಒಂದೂವರೆಗೇ ಏಕೆ ನಿಲ್ಲುತ್ತಾರೆ, ಪ್ರತಿ ಕಿಲೋ ತೂಕಕ್ಕೆ ಏಕೆ ಅಷ್ಟು ಒದ್ದಾಡುತ್ತಾರೆ ಎಂದು ಹೇಳಲು ಮುರಿದ ರೆಕ್ಕೆಗಿಂತ ಒಳ್ಳೆಯ ಪಾಠ ಯಾವುದಿದೆ? ರೆಕ್ಕೆಯನ್ನು ಚೀಲದಲ್ಲಿ ತರಲಾಗುವುದಿಲ್ಲ ಎಂದು ಬರೆಯಲು ಹೊರಟವರು ದಯವಿಟ್ಟು ಬೆರಳಿಗೆ ವಿಶ್ರಾಂತಿ ಕೊಡಿ, ಫೋಟೋ ತರಬಹುದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಕಾಲೇಜುಗಳಿಗೆಂದೇ ಹುಟ್ಟಿದಂತಿದೆ. ಬೆಳಗಾವಿಯದೇ ಆದ ಉದ್ಯಮಬಾಗ್ ಮತ್ತು ಮಚ್ಛೆಯ ಫೌಂಡ್ರಿಗಳಲ್ಲಿ ವಾಹನಗಳ ಬಿಡಿಭಾಗಗಳ ಎರಕ ನಡೆಯುತ್ತದೆ. ಅದೇ ಜಿಲ್ಲೆಯ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತವೆ. ಆದರೂ ಅತಿಥಿ ಬೆಂಗಳೂರಿನಿಂದಲೇ ಬರಬೇಕು, ಅದೂ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದು. ಉದ್ಯಮಬಾಗಿನ ಫೌಂಡ್ರಿಯೊಂದರಲ್ಲಿ ರಿಜೆಕ್ಟ್ ಆದ ಎರಕಗಳ ರಾಶಿಯಿಂದ ಒಂದನ್ನೆತ್ತಿ ಗರಗಸದಲ್ಲಿ ಸೀಳಿಸಿ ನೋಡಿ: ಹೊರಗೆ ಲಕ್ಷಣವಾಗಿರುವ ಭಾಗದೊಳಗೆ, ಗಾಳಿ ಹೊರಹೋಗಲಾರದೆ ಉಳಿದ ಬ್ಲೋಹೋಲ್ ಎಂಬ ತೂತು ಕಾಣಿಸುತ್ತದೆ. ಅಲ್ಲಿನ ಸೂಪರ್‌ವೈಸರ್ ಆ ತೂತಿಗೆ ಕಾರಣವಾಗಬಲ್ಲ ಮೋಲ್ಡಿನ (ಎರಕದ ಅಚ್ಚಿನ) ಮರಳಿನ ತೇವದ ಬಗ್ಗೆ ಅರ್ಧ ಗಂಟೆ ಮಾತನಾಡಿದರೆ ಸಾಕು, ಶಾಲಿನ ಖರ್ಚೂ ಉಳಿಯುತ್ತದೆ.

"ಕಂಪನಿಯ ಗೋಪ್ಯತೆ" ಎಂಬ ಆಕ್ಷೇಪವೂ ಬಂದಿದೆ. ಟ್ರ್ಯಾಕ್ಟರಿನ ಮುರಿದ ಆಕ್ಸಲ್‌ನಲ್ಲಿ ಯಾವ ದೇಶದ ರಹಸ್ಯ ಅಡಗಿದೆ? "ವಿದ್ಯಾರ್ಥಿಗಳಿಗೇ ಆಸಕ್ತಿಯಿಲ್ಲ, ಅವರು ಹಾಜರಾತಿಗೆ ಬರುತ್ತಾರೆ" ಎಂದು ಪ್ರಾಧ್ಯಾಪಕರೊಬ್ಬರು ಬರೆದಿದ್ದಾರೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೇಳುವ ಶೇ 85ರಷ್ಟು ಹಾಜರಾತಿಗೆ ಬಂದವರ ಮುಂದೆ ವಿಶ್ವ ಭೂಪಟ ಹಿಡಿದರೆ ಆಸಕ್ತಿ ಎಲ್ಲಿಂದ ಹುಟ್ಟೀತು, ಸರ್? ಮುರಿದ ಆಕ್ಸಲ್ ಹಿಡಿಯಿರಿ. "ಉಪನ್ಯಾಸ ಸ್ಫೂರ್ತಿ ನೀಡಬೇಕು" ಎಂದವರಿಗೂ ಅದೇ ಉತ್ತರ: ಆಕ್ಸಲ್. "ಅಷ್ಟು ಭಾರ ಯಾರು ಹೊರುತ್ತಾರೆ" ಎಂದವರಿಗೆ: ಹಣ್ಣಿನ ಬುಟ್ಟಿ ಹೊತ್ತವರೇ ಹೊರಲಿ.

ಈ ಸಂಚಿಕೆ ಇಷ್ಟವಾದರೆ ಚಾನೆಲ್‌ಗೆ ಚಂದಾದಾರರಾಗಿ, ನಿಮ್ಮ ಕಾಲೇಜಿನ ವಿಭಾಗದ ಮುಖ್ಯಸ್ಥರಿಗೂ ಕಳುಹಿಸಿ. ಇಷ್ಟವಾಗದಿದ್ದರೆ ಅವರಿಗೆ ಎರಡು ಸಲ ಕಳುಹಿಸಿ. ಬಗ್ಗಿ ತಂಡದ ಆ ಹುಡುಗಿ ಇದನ್ನು ಕೇಳುತ್ತಿದ್ದರೆ, ತಂಗಿ, ಮುರಿದ ಆರ್ಮ್‌ನ ಎರಡೂ ತುಂಡುಗಳನ್ನು ಒಂದಕ್ಕೊಂದು ಉಜ್ಜದಂತೆ ಬೇರೆ ಬೇರೆ ಸುತ್ತಿ ತೆಗೆದುಕೊಂಡು ಬನ್ನಿ. ಮುಂದಿನ ವಾರದ ಅತಿಥಿ ನೀವೇ, ಶಾಲು ಮಾತ್ರ ಇರುವುದಿಲ್ಲ.